ಎರಿ ಮಣ್ಣಿನ ಹಿತ್ತಲಿಗೆ ಜೋಡಿ ಬೆಳೆ: ಮಡಿ ಕಟ್ಟುವುದು ಹೇಗೆ, ಯಾವುದರ ಪಕ್ಕ ಯಾವುದು

ಕುಂದಗೋಳ, ಬ್ಯಾಡಗಿ, ಶಿರಹಟ್ಟಿ ಕಡೆ ಮೆಣಸಿನಗಿಡ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಒಂದೇ ಹೊಲಕ್ಕೆ ಹಾಕುವ ರೂಢಿ ಹಳೆಯದು. ಉಳ್ಳಾಗಡ್ಡಿ ಮೊದಲು ಕಿತ್ತು ಬರುತ್ತದೆ, ಆಮೇಲೆ ಮೆಣಸಿನಕಾಯಿ ಹಣ್ಣಾಗುತ್ತದೆ, ಕೊನೆಗೆ ಹತ್ತಿ ಬಿಡಿಸುತ್ತಾರೆ. ಮೂರೂ ನೆಲದಲ್ಲಿ ಒಟ್ಟಿಗಿದ್ದರೂ ಜಾಗ ಮತ್ತು ಗೊಬ್ಬರಕ್ಕೆ ಹಟ ಹಿಡಿಯುವ ಕಾಲ ಬೇರೆ ಬೇರೆ. ಹಿತ್ತಲಿನ ಕಾಯಿಪಲ್ಲೆಗೂ ಇದೇ ಲೆಕ್ಕ ಸಾಕು. ಮೊಬೈಲಿನಲ್ಲಿ ಓಡಾಡುವ ‘ಇದರ ಪಕ್ಕ ಇದು’ ಪಟ್ಟಿಗಳಲ್ಲಿ ಹೆಚ್ಚಿನವು ಚಳಿದೇಶದ ಸಡಿಲ ಮಣ್ಣಿಗೆ ಬರೆದವು. ಮಳೆಗಾಲದಲ್ಲಿ ಅಂಟಾಗಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಎರಿ ಮಣ್ಣಿಗೆ ಅವು ಹೊಂದುವುದಿಲ್ಲ. ಮಣ್ಣು ಸರಿಯಾಗದೆ ಜೋಡಿ ಕೂಡಿಸಿದರೆ ಎರಡೂ ಗಿಡ ಕೂಡಿಯೇ ಸೊರಗುತ್ತವೆ. ಹಾಗಾಗಿ ಮೊದಲು ಮಣ್ಣಿನ ಮಾತು.

ನಿಮ್ಮ ಹಿತ್ತಲಲ್ಲಿ ಇರುವುದು ಯಾವ ಮಣ್ಣು?

ಈ ಭಾಗದ ಮನೆಗಳಲ್ಲಿ ಮೂರು ಬಗೆ ಸಿಗುತ್ತದೆ. ಹುಬ್ಬಳ್ಳಿ, ನವಲಗುಂದ, ಗದಗ, ರೋಣದ ಕಡೆ ಎರಿ. ಧಾರವಾಡದ ಪಶ್ಚಿಮಕ್ಕೆ ಅಳ್ನಾವರ, ದಕ್ಷಿಣಕ್ಕೆ ಕಲಘಟಗಿ ಕಡೆ ಹೋದಂತೆ ಕೆಂಪು ಮಸಾರಿ. ಮೂರನೆಯದು ಹೊಸ ಲೇಔಟಿನ ಮಣ್ಣು. ಎರಿ ನೆಲದ ಮೇಲೆ ಮನೆ ಕಟ್ಟುವಾಗ ಪಾಯದ ಸುತ್ತ ಗರಸು ತುಂಬಿಸುತ್ತಾರೆ. ಮೇಲೆ ಕರಿ ಮಣ್ಣು ಕಂಡರೂ ಅರ್ಧ ಅಡಿ ಅಗೆದರೆ ಗರಸು, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು ಹೊರಬೀಳುತ್ತವೆ. ಇಲ್ಲಿ ಗಿಡ ಬರದಿದ್ದರೆ ಬೀಜವನ್ನು ಬೈದು ಉಪಯೋಗವಿಲ್ಲ. ಬೇರಿಗೆ ತಿನ್ನಲು ಏನೂ ಇಲ್ಲ, ಜೊತೆಗೆ ಸಿಮೆಂಟಿನ ಸುಣ್ಣ ಬೇರೆ.

ನಾಲ್ಕು ಪರೀಕ್ಷೆ ಮನೆಯಲ್ಲೇ ಮಾಡಬಹುದು.

ಒದ್ದೆ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಪಟ್ಟಿಯಂತೆ ಒತ್ತಿ. 2 ಇಂಚು ದಾಟಿದರೂ ಪಟ್ಟಿ ಮುರಿಯದಿದ್ದರೆ ಅದು ಜಿಗುಟು ಎರಿ. ಅರ್ಧ ಇಂಚಿಗೇ ಮುರಿದರೆ ಮರಳು ಹೆಚ್ಚು.

ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಉಳಿದಷ್ಟು ನೀರು ಹಾಕಿ ಜೋರಾಗಿ ಅಲ್ಲಾಡಿಸಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ನುಣುಪು ರೇವೆ ಒಂದೆರಡು ತಾಸಿನಲ್ಲಿ. ಜೇಡಿ ಒಂದು ದಿನವಾದರೂ ತೇಲುತ್ತಿರುತ್ತದೆ. ಮರುದಿನವೂ ನೀರು ಕದಡಿಯೇ ಇದ್ದರೆ ಏರುಮಡಿ ಇಲ್ಲದೆ ನಿಮಗೆ ಗತಿಯಿಲ್ಲ.

ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ. ಎರಡನೇ ಸಲ ತಾಸಿಗೆ ಒಂದು ಇಂಚಾದರೂ ಇಳಿಯಬೇಕು. ಎರಿಯಲ್ಲಿ ಒಮ್ಮೊಮ್ಮೆ ಬೆಳಗಿನ ನೀರು ಸಂಜೆಗೂ ಹಾಗೇ ಇರುತ್ತದೆ.

ಒಣ ಮಣ್ಣಿನ ಮೇಲೆ ಲಿಂಬಿಹಣ್ಣಿನ ರಸ ಹಿಂಡಿ. ಬುರುಬುರು ನೊರೆ ಬಂದರೆ ಸುಣ್ಣದ ಅಂಶ ಸಾಕಷ್ಟಿದೆ, ಪಿಎಚ್ (ಮಣ್ಣಿನ ಹುಳಿ, ಕ್ಷಾರದ ಅಳತೆ) 7.5ರ ಮೇಲೆ ಇರುವ ಸಂಭವ ಹೆಚ್ಚು. ಅಂಥ ಮಣ್ಣಿಗೆ ಸುಣ್ಣ ಹಾಕಬೇಡಿ, ಒಲೆಯ ಬೂದಿಯನ್ನೂ ಹಾಕಬೇಡಿ. ಬೂದಿ ಒಳ್ಳೆಯದೆಂದು ಎಲ್ಲರೂ ಹೇಳುವುದು ನಿಜ, ಆದರೆ ಅದು ಕಲಘಟಗಿ ಕಡೆಯ ಹುಳಿ ಮಸಾರಿಗೆ ಒಪ್ಪುವ ಮಾತು. ಎರಿಯಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಕಡಿಮೆ ಇರುವುದಿಲ್ಲ. ಕಡಿಮೆ ಬೀಳುವುದು ಸಾರಜನಕ, ಗಿಡಕ್ಕೆ ದಕ್ಕುವ ರಂಜಕ, ಸತು ಮತ್ತು ಕಬ್ಬಿಣ.

ಇದಕ್ಕಿಂತ ಖಚಿತ ಅಂಕಿ ಬೇಕೆಂದರೆ ಮಣ್ಣು ಪರೀಕ್ಷೆ ಮಾಡಿಸಿ. ಧಾರವಾಡದವರಿಗೆ ಕೃಷಿ ವಿಶ್ವವಿದ್ಯಾಲಯ ಇದೆ, ಗದಗಿನವರಿಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ, ಹಾವೇರಿಯವರಿಗೆ ಹನುಮನಮಟ್ಟಿಯದು. ಗೊಬ್ಬರ ಹಾಕುವ ಮುಂಚೆಯೇ ಐದಾರು ಕಡೆ ಇಂಗ್ಲಿಷಿನ ‘ವಿ’ ಆಕಾರದಲ್ಲಿ 6 ಇಂಚು ಅಗೆದು, ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಪದರು ಕೆರೆದು ತೆಗೆಯಿರಿ. ಎಲ್ಲ ಕೂಡಿಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೊ ಕೊಟ್ಟರೆ ಆಯಿತು. ತಿಪ್ಪೆ ಇದ್ದ ಜಾಗ, ಬಚ್ಚಲ ನೀರು ಹರಿಯುವ ಜಾಗ ಬಿಡಿ.

ಅಗೆಯುವ ಹದ

ಎರಿ ಮಣ್ಣು ಕೆಡುವುದು ಹೆಚ್ಚಾಗಿ ಅಗೆಯುವ ದಿನವೇ. ಒದ್ದೆ ಇದ್ದಾಗ ಸಲಿಕೆ ಹಾಕಿದರೆ ಸಲಿಕೆಯ ಅಲಗು ಮಣ್ಣನ್ನು ಮೆತ್ತಿ ನುಣುಪು ಗೋಡೆ ಮಾಡುತ್ತದೆ. ಅದು ಒಣಗಿದಾಗ ಇಟ್ಟಿಗೆ, ಬೇರು ತೂರುವುದಿಲ್ಲ. ಪೂರ್ತಿ ಒಣಗಿದಾಗ ಹಾರೆಗೂ ಬಗ್ಗುವುದಿಲ್ಲ. ಹದ ನೋಡುವ ಕ್ರಮ: 4 ಇಂಚು ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ, ಸೊಂಟದೆತ್ತರದಿಂದ ಬಿಡಿ. ಒಡೆದು ಹರಡಿದರೆ ಇವತ್ತು ಅಗೆಯಬಹುದು. ಉಂಡೆ ಚಪ್ಪಟೆಯಾಗಿ ಕೂತರೆ ಇನ್ನೆರಡು ದಿನ ತಡೆಯಿರಿ.

ಎಲ್ಲಕ್ಕಿಂತ ಸುಲಭ ದಾರಿ ಬೇಸಿಗೆಯದು. ಏಪ್ರಿಲ್‌ನಲ್ಲಿ ಒಂದು ಅಡ್ಡಮಳೆ ಬಿದ್ದ ಮೇಲೆ 9 ಇಂಚು ಆಳಕ್ಕೆ ಅಗೆದು ದೊಡ್ಡ ದೊಡ್ಡ ಹೆಂಟಿಗಳನ್ನು ಹಾಗೇ ಬಿಸಿಲಿಗೆ ಬಿಡಿ. ಒಡೆಯಲು ಹೋಗಬೇಡಿ. ಎರಿ ಮಣ್ಣು ಒಣಗಿದಾಗ ಕುಗ್ಗುತ್ತದೆ, ನೆನೆದಾಗ ಹಿಗ್ಗುತ್ತದೆ. ಮುಂದಿನ ಎರಡು ಮಳೆಗೆ ಹೆಂಟಿ ತಾನಾಗಿ ಕಾಳುಕಾಳಾಗಿ ಉದುರುತ್ತದೆ. ಕೊಡತಿ ಹಿಡಿದು ಒಡೆಯುವವರ ತೋಳುನೋವು ವ್ಯರ್ಥ. ಇದೇ ಬಿಸಿಲಿಗೆ ಮಣ್ಣೊಳಗಿನ ಹುಳದ ಕೋಶಗಳೂ ಹೊರಬಿದ್ದು ಹಕ್ಕಿ ಪಾಲಾಗುತ್ತವೆ.

ಒಂದಡಿಗಿಂತ ಆಳಕ್ಕೆ ಹೋಗಿ ಕೆಳಮಣ್ಣನ್ನು ಮೇಲೆ ತರಬೇಡಿ. ಅಲ್ಲಿ ಬಿಳಿ ಸುಣ್ಣದ ಹರಳುಗಳಿರುತ್ತವೆ. ಅವು ಮೇಲೆ ಬಂದರೆ ಎಲೆ ಹಳದಿಯಾಗುವ ಕಾಟ ವರ್ಷಗಟ್ಟಲೆ ಬಿಡುವುದಿಲ್ಲ.

ಎರಿಗೆ ನಾಲ್ಕು ಬುಟ್ಟಿ ಉಸುಕು ಕಲಸಿದರೆ ಸಡಿಲವಾಗುತ್ತದೆ ಎಂಬ ಸಲಹೆ ಬಹಳ ಜನ ಕೊಡುತ್ತಾರೆ. ಸಣ್ಣ ಪ್ರಮಾಣದ ಉಸುಕು ಜೇಡಿಯ ನಡುವೆ ಸಿಕ್ಕಿ ಮಣ್ಣನ್ನು ಇನ್ನೂ ಗಟ್ಟಿ ಮಾಡುತ್ತದೆ. ನಿಜಕ್ಕೂ ಫರಕು ಬೀಳಬೇಕಾದರೆ ಮಣ್ಣಿನ ಅರ್ಧದಷ್ಟಾದರೂ ಉಸುಕು ಬೇಕು, ಅಷ್ಟು ದುಡ್ಡಿಗೆ ಎರಡು ವರ್ಷದ ಗೊಬ್ಬರ ಬರುತ್ತದೆ. ಜಿಪ್ಸಂ ಕೂಡ ಎಲ್ಲರಿಗೂ ಬೇಕಿಲ್ಲ. ಪರೀಕ್ಷೆಯಲ್ಲಿ ಪಿಎಚ್ 8.5 ದಾಟಿ, ಸೋಡಿಯಂ ಹೆಚ್ಚೆಂದು ಬಂದರೆ, ನೀರು ಬಸಿದು ಹೋಗಲು ದಾರಿಯೂ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಮಡಿ ಕಟ್ಟುವುದು

ಅಗಲ 4 ಅಡಿ, ಉದ್ದ 10 ಅಡಿ, ಎತ್ತರ 8ರಿಂದ 10 ಇಂಚು. ಎರಡೂ ಬದಿಯಿಂದ ಕೈ ಚಾಚಿದರೆ ನಡುಮಧ್ಯ ಸಿಗಬೇಕು, ಮಡಿಯೊಳಗೆ ಕಾಲಿಡುವ ಪ್ರಸಂಗವೇ ಬರಬಾರದು. ಒಂದು ಸಲ ಒದ್ದೆ ಎರಿಯ ಮೇಲೆ ಕಾಲಿಟ್ಟರೆ ಆ ಜಾಗ ಮುಂದಿನ ಬೇಸಿಗೆಯವರೆಗೂ ಗಟ್ಟಿಯೇ. ಮಡಿಗಳ ನಡುವೆ ಒಂದೂವರೆ ಅಡಿ ದಾರಿ ಬಿಡಿ. ದಾರಿಯನ್ನು ಇಳಿಜಾರಿನತ್ತ ಸ್ವಲ್ಪ ಆಳ ತೆಗೆದರೆ ಅದೇ ಕಾಲುವೆ. ತೆಗೆದ ಮಣ್ಣು ಮಡಿಗೆ ಬರುತ್ತದೆ.

ಮಸಾರಿಯಲ್ಲಿ ಇಷ್ಟು ಎತ್ತರ ಬೇಡ, 4 ಇಂಚು ಸಾಕು. ಎತ್ತರ ಮಾಡಿದರೆ ನೀರು ನಿಲ್ಲದೆ ದಿನಕ್ಕೆರಡು ಸಲ ಉಣಿಸಬೇಕಾಗುತ್ತದೆ. ಗರಸು ತುಂಬಿದ ಜಾಗದಲ್ಲಿ ಅಗೆಯುವ ಗೋಜಿಗೆ ಹೋಗದೆ ಇಟ್ಟಿಗೆ ಅಥವಾ ಶಹಾಬಾದ್ ಕಲ್ಲಿನ ತುಂಡು ನಿಲ್ಲಿಸಿ 12 ಇಂಚಿನ ಕಟ್ಟೆ ಮಾಡಿ, ಹೊರಗಿನಿಂದ ಮಣ್ಣು ತುಂಬುವುದೇ ಮೇಲು. ಮಿಶ್ರಣ: ಎರಡು ಪಾಲು ಎರಿ ಅಥವಾ ಮಸಾರಿ ಮಣ್ಣು, ಒಂದು ಪಾಲು ಕಳಿತ ಗೊಬ್ಬರ. ಎರಿ ತುಂಬುವುದಾದರೆ ಅರ್ಧ ಪಾಲು ತೆಂಗಿನ ನಾರಿನ ಪುಡಿಯನ್ನು ಎರಡು ಸಲ ನೀರಲ್ಲಿ ತೊಳೆದು ಸೇರಿಸಿ. ತೊಳೆಯದಿದ್ದರೆ ಅದರ ಉಪ್ಪು ಸಸಿಯನ್ನು ಸುಡುತ್ತದೆ.

ಗೊಬ್ಬರದ ಅಳತೆ, 40 ಚದರ ಅಡಿಯ ಒಂದು ಮಡಿಗೆ

ಮೊದಲ ವರ್ಷ 40 ಕಿಲೊ ಕಳಿತ ತಿಪ್ಪೆ ಗೊಬ್ಬರ, ಅಂದರೆ ಚದರ ಅಡಿಗೆ ಒಂದು ಕಿಲೊ. ಆಮೇಲೆ ಪ್ರತಿ ಹಂಗಾಮಿಗೆ 15ರಿಂದ 20 ಕಿಲೊ ಸಾಕು. ಕಳಿತದ್ದು ಎಂದರೆ ಕೈಯಲ್ಲಿ ಹಿಡಿದರೆ ಬಿಸಿ ಇರಬಾರದು, ಸಗಣಿ ವಾಸನೆ ಬರಬಾರದು, ಕಣಿಕೆ ಚೂರು ಗುರುತು ಸಿಗಬಾರದು. ಹಸಿ ಸಗಣಿ ಹಾಕಿದರೆ ಕಸದ ಬೀಜದ ಜೊತೆ ಗೊಣ್ಣೆಹುಳವೂ ಬರುತ್ತದೆ. ಬಿಳಿ ಮೈ, ಕಂದು ತಲೆಯ, ‘ಸಿ’ ಆಕಾರಕ್ಕೆ ಮುದುಡಿಕೊಂಡ ಹುಳ ಕಂಡರೆ ಆರಿಸಿ ತೆಗೆಯಿರಿ. ಅದು ಬೇರು ಕಡಿದ ಗಿಡ ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನಕ್ಕೆ ಒರಗಿರುತ್ತದೆ.

ಜೊತೆಗೆ ಬೇವಿನ ಹಿಂಡಿ ಒಂದು ಕಿಲೊ, ನಾಟಿಗೆ 15 ದಿನ ಮೊದಲು. ರಂಜಕಕ್ಕೆ ಸಿಂಗಲ್ ಸೂಪರ್ ಫಾಸ್ಫೇಟ್ 150 ಗ್ರಾಂ. ರಾಸಾಯನಿಕ ಬೇಡ ಎನ್ನುವವರು ರಾಕ್ ಫಾಸ್ಫೇಟ್ ಅಥವಾ ಎಲುಬಿನ ಪುಡಿ ತರುತ್ತಾರೆ. ಅವು ಹುಳಿ ಮಣ್ಣಿನಲ್ಲಿ ಕರಗುತ್ತವೆ, ಸುಣ್ಣದ ಎರಿಯಲ್ಲಿ ಕರಗದೆ ಹಾಗೇ ಬಿದ್ದಿರುತ್ತವೆ. ಅದರ ಬದಲು ಗೊಬ್ಬರವನ್ನೇ ಐದು ಕಿಲೊ ಹೆಚ್ಚು ಹಾಕಿ. ಸತುವಿನ ಸಲ್ಫೇಟ್ 10 ಗ್ರಾಂ, ಎರಡು ವರ್ಷಕ್ಕೊಮ್ಮೆ. ಸೂಪರ್ ಫಾಸ್ಫೇಟ್ ಜೊತೆ ಕಲಸಬೇಡಿ, ಎರಡೂ ಕೂಡಿ ಗಿಡಕ್ಕೆ ಸಿಗದಂತಾಗುತ್ತವೆ. ಒಂದು ವಾರ ಅಂತರ ಬಿಟ್ಟು ಒಣ ಮಣ್ಣಿನಲ್ಲಿ ಬೆರೆಸಿ ಎರಚಿ.

ಟೊಮ್ಯಾಟೊ, ಬದನೆ, ಮೆಣಸಿನಗಿಡ ಹಿಂದೆ ಸೊರಗು ರೋಗಕ್ಕೆ ಸತ್ತಿದ್ದರೆ ಟ್ರೈಕೊಡರ್ಮಾ ಎಂಬ ರೋಗ ತಡೆಯುವ ಬೂಷ್ಟಿನ ಪುಡಿ ಹಾಕುವುದನ್ನು ತಪ್ಪಿಸಬಾರದು. 50 ಕಿಲೊ ಗೊಬ್ಬರಕ್ಕೆ 500 ಗ್ರಾಂ ಪುಡಿ ಕಲಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವ ಮಾಡಿ, ನೆರಳಲ್ಲಿ ಗೋಣಿ ಹೊದಿಸಿ 10 ದಿನ ಇಡಿ, ನಡುವೆ ಒಮ್ಮೆ ತಿರುವಿ. ಬಿಳಿ ಹಸಿರು ಬೂಷ್ಟು ಹಬ್ಬಿದಾಗ ಅದು ತಯಾರು. ಪ್ಯಾಕೆಟ್ಟಿನ ಅವಧಿ ನೋಡಿ ಕೊಳ್ಳಿ. ಬಿಸಿಲಿಗೆ ಇಟ್ಟ ಅಂಗಡಿಯ ಪ್ಯಾಕೆಟ್ಟಿನಲ್ಲಿ ಜೀವ ಇರುವುದಿಲ್ಲ.

ಟೊಮ್ಯಾಟೊ, ಬದನೆಯಂಥ ಗಿಡದ ಬೇರಿನಲ್ಲಿ ಗಂಟುಗಂಟಾಗಿದ್ದರೆ ಅದು ಜಂತುಹುಳ. ಮೇ ತಿಂಗಳಲ್ಲಿ ಮಡಿಗೆ ಚೆನ್ನಾಗಿ ನೀರುಣಿಸಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆಲ್ಲ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ. ಕರಿ ಹಾಳೆ ಕೆಲಸಕ್ಕೆ ಬಾರದು, ಅದು ತಾನು ಕಾಯುತ್ತದೆ, ಮಣ್ಣು ಅಷ್ಟು ಕಾಯುವುದಿಲ್ಲ. ಒಣ ಮಣ್ಣಿಗೆ ಹೊದಿಸಿದರೂ ಶಾಖ ಕೆಳಗಿಳಿಯುವುದಿಲ್ಲ.

ಜೋಡಿ ಕೂಡಿಸುವ ಮುಂಚೆ ಕೇಳಬೇಕಾದ್ದು

ಎರಡು ಗಿಡ ಒಂದೇ ಮಡಿಯಲ್ಲಿ ಬಾಳುತ್ತವೋ ಇಲ್ಲವೋ ಎಂಬುದಕ್ಕೆ ವಾಸನೆ, ಸ್ನೇಹ ಇತ್ಯಾದಿಗಿಂತ ಮೊದಲು ನೀರು ನೋಡಿ. ಪಾಲಕಕ್ಕೆ ದಿನಾ ತೇವ ಬೇಕು, ಗಡ್ಡೆ ಬಲಿಯುತ್ತಿರುವ ಉಳ್ಳಾಗಡ್ಡಿಗೆ ಕೀಳುವ 10–15 ದಿನ ಮುಂಚೆ ನೀರು ನಿಲ್ಲಬೇಕು. ಇವೆರಡನ್ನು ಕೂಡಿಸಿದರೆ ಒಂದೋ ಪಾಲಕ ಬಾಡುತ್ತದೆ, ಇಲ್ಲವೇ ಗಡ್ಡೆ ಕೊಳೆಯುತ್ತದೆ. ಎರಡನೆಯದು ಕಾಲ: ಒಂದು ಹಬ್ಬುವಷ್ಟರಲ್ಲಿ ಇನ್ನೊಂದು ಮಡಿ ಬಿಟ್ಟಿರಬೇಕು. ಮೂರನೆಯದು ಕುಲ. ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಡೊಣ್ಣಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಲ, ರೋಗವೂ ಹುಳವೂ ಒಂದೇ. ಬೆಂಡಿ, ಪುಂಡಿ, ಹತ್ತಿ, ದಾಸವಾಳ ಇನ್ನೊಂದು. ಪುಂಡಿಪಲ್ಯ ಎಲೆಗೆಂದು ಬೆಳೆಯುವುದರಿಂದ ಅದು ಬೆಂಡಿಯ ಬಳಗವೆಂದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಬೆಂಡಿ ಕಿತ್ತ ಜಾಗಕ್ಕೇ ಪುಂಡಿ ಹಾಕಿದರೆ ಜಿಗಿಹುಳು ಮನೆ ಬದಲಿಸಬೇಕಾಗಿಯೇ ಇಲ್ಲ.

ಬದನೆ ಮಡಿಯ ನಕ್ಷೆ

ಮಿರಗ (ಮೃಗಶಿರಾ) ಮಳೆ ಬಿದ್ದ ಮೇಲೆ ಹಾಕಲು ಇದಕ್ಕಿಂತ ಲಾಭದ ಜೋಡಿ ಇಲ್ಲ. 10 ಅಡಿ ಮಡಿಯ ನಡುಗೆರೆಯಲ್ಲಿ ಎರಡೂವರೆ ಅಡಿಗೊಂದರಂತೆ 4 ಬದನೆ ಸಸಿ, ಮೊದಲನೆಯದು ಅಂಚಿನಿಂದ 15 ಇಂಚು ಒಳಗೆ. ಸಸಿ 30–35 ದಿನದ್ದಿರಲಿ. ನಾಟಿಯ ದಿನವೇ ನಡುಗೆರೆಯ ಎರಡೂ ಬದಿಗೆ 10 ಇಂಚು ಬಿಟ್ಟು ಒಂದೊಂದು ಸಾಲು ಮೆಂತ್ಯೆ ಬಿತ್ತಿ. ಎರಡು ಸಾಲಿಗೆ 20 ಗ್ರಾಂ ಬೀಜ, ರಾತ್ರಿ ನೆನೆಸಿದ್ದು, ಅರ್ಧ ಇಂಚು ಆಳ. ನಡುಗೆರೆಯಿಂದ 18 ಇಂಚಿಗೆ ಎರಡೂ ಬದಿ ಉಳ್ಳಾಗಡ್ಡಿ ಸಸಿ, 4 ಇಂಚಿಗೊಂದರಂತೆ ಸಾಲಿಗೆ 30, ಒಟ್ಟು 60.

ಮೆಂತ್ಯೆ 25–30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಆ ಹೊತ್ತಿಗೆ ಬದನೆ ಇನ್ನೂ ಮೊಣಕಾಲೆತ್ತರ ಮುಟ್ಟಿರುವುದಿಲ್ಲ. ಮೆಂತ್ಯೆಯನ್ನು ಕೀಳಬೇಡಿ, ಕುರ್ಪಿಯಿಂದ ನೆಲಮಟ್ಟಕ್ಕೆ ಕೊಯ್ಯಿರಿ. ಕಿತ್ತರೆ ಬದನೆಯ ಎಳೆ ಬೇರು ಅಲ್ಲಾಡುತ್ತದೆ, ಕೊಯ್ದರೆ ಸಾರಜನಕ ಹಿಡಿದ ಬೇರಿನ ಗಂಟು ಮಣ್ಣಿನಲ್ಲೇ ಕಳಿಯುತ್ತದೆ. ಖಾಲಿಯಾದ ಸಾಲಿಗೆ ಗಿಡಕ್ಕೆ 150 ಗ್ರಾಂನಂತೆ ಎರೆಹುಳು ಗೊಬ್ಬರ ಹಾಕಿ ಬದನೆಗೆ ಮಣ್ಣು ಏರಿಸಿ. ಉಳ್ಳಾಗಡ್ಡಿಯನ್ನು ಗಡ್ಡೆಯಾಗಲು ಬಿಡದೆ 45–60 ದಿನಕ್ಕೆ ತಪ್ಪಲವಾಗಿಯೇ ಕಿತ್ತುಬಿಡಿ, ಝುಣಕದ ವಡಿಗೋ ಪಲ್ಯಕ್ಕೋ ಆಯಿತು. ಗಡ್ಡೆಗೆ ಆಸೆಪಟ್ಟರೆ ನೂರು ದಿನ ಬೇಕು, ಅಷ್ಟರಲ್ಲಿ ಬದನೆಯ ನೆರಳು ಬಿದ್ದು ಗಡ್ಡೆ ಬೆರಳಿನಷ್ಟಾಗುತ್ತದೆ. ಮೇಲೆ ಹೇಳಿದ ನೀರಿನ ಜಗಳ ಬೇರೆ. 60–70 ದಿನಕ್ಕೆ ಮೊದಲ ಬದನೆಕಾಯಿ ಬರುವಾಗ ಮಡಿ ಪೂರ್ತಿ ಅದರದ್ದೇ.

ಒಂದು ಮಾತು ಕಡ್ಡಾಯವಾಗಿ ತಿಳಿದಿರಲಿ. ಬದನೆಯ ಕುಡಿ ಮತ್ತು ಕಾಯಿ ಕೊರಕವನ್ನು ಯಾವ ಜೋಡಿ ಗಿಡವೂ ತಡೆಯುವುದಿಲ್ಲ. ಎಳೆ ಕುಡಿ ಜೋತುಬಿದ್ದದ್ದು ಕಂಡರೆ ಅದರ ಒಂದು ಇಂಚು ಕೆಳಗೆ ಕತ್ತರಿಸಿ. ಕಾಂಡ ಸೀಳಿದರೆ ಒಳಗೆ ನಸುಗೆಂಪು ಹುಳ ಕೂತಿರುತ್ತದೆ. ಕತ್ತರಿಸಿದ ಕುಡಿಯನ್ನು ತಿಪ್ಪೆಗೆ ಎಸೆಯದೆ ನೀರಲ್ಲಿ ಮುಳುಗಿಸಿ ಅಥವಾ ಸುಡಿ. ವಾರಕ್ಕೊಮ್ಮೆ ತಪ್ಪದೆ ಮಾಡಿದರೆ ಔಷಧಿ ಅಂಗಡಿಯ ದಾರಿ ಮರೆಯಬಹುದು.

ಟೊಮ್ಯಾಟೊ ಮತ್ತು ಚೆಂಡುಹೂ: ತಪ್ಪುವುದು ಎಲ್ಲಿ

ಈ ಜೋಡಿ ಎಲ್ಲರಿಗೂ ಗೊತ್ತು, ಫಲ ಸಿಕ್ಕವರು ಕಡಿಮೆ. ಕಾಯಿ ಕೊರಕದ ಪತಂಗ ಮೊಟ್ಟೆ ಇಡಲು ಚೆಂಡುಹೂವಿನ ಮೊಗ್ಗನ್ನು ಹುಡುಕಿ ಹೋಗುತ್ತದೆ, ಟೊಮ್ಯಾಟೊ ಉಳಿಯುತ್ತದೆ ಎಂಬುದು ಉಪಾಯ. ಹಾಗಾದರೆ ಟೊಮ್ಯಾಟೊ ಹೂ ಬಿಡುವ ದಿನಗಳಲ್ಲೇ ಚೆಂಡುಹೂವೂ ಅರಳಿರಬೇಕು. ಎರಡನ್ನೂ ಒಂದೇ ದಿನ ಬಿತ್ತಿದರೆ ಅದು ಆಗದು. ಚೆಂಡುಹೂವಿನ ಬೀಜ ಟೊಮ್ಯಾಟೊಗಿಂತ 15–20 ದಿನ ಮೊದಲು ಬಿತ್ತಿ, ಟೊಮ್ಯಾಟೊ ಸಸಿ 25 ದಿನದ್ದು, ಚೆಂಡುಹೂ 40–45 ದಿನದ್ದು ಇರುವಾಗ ಒಟ್ಟಿಗೆ ನಾಟಿ ಮಾಡಿ. ಹೊಲಕ್ಕೆ 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂ ಎಂದು ಶಿಫಾರಸು. ಮನೆಯ ಮಡಿಗೆ ಎರಡೂ ತುದಿಯಲ್ಲಿ ಎರಡೆರಡು ಗಿಡ ಸಾಕು, ಎತ್ತರ ಬೆಳೆಯುವ ಜಾತಿಯದ್ದು.

ಆಮೇಲಿನ ಕೆಲಸವನ್ನು ಜನ ಬಿಡುತ್ತಾರೆ. ಮೊಟ್ಟೆ ಬಿದ್ದ ಮೊಗ್ಗು, ಹುಳ ಕಂಡ ಹೂ ಮೂರು ನಾಲ್ಕು ದಿನಕ್ಕೊಮ್ಮೆ ಕಿತ್ತು ನಾಶ ಮಾಡದಿದ್ದರೆ ಚೆಂಡುಹೂವೇ ಹುಳದ ತೊಟ್ಟಿಲಾಗುತ್ತದೆ.

ಚೆಂಡುಹೂ ಬೇರಿನ ಜಂತುಹುಳ ಓಡಿಸುತ್ತದೆ ಎಂಬುದೂ ನಿಜ, ಆದರೆ ಪಕ್ಕದಲ್ಲಿ ಎರಡು ಗಿಡ ನಿಂತರೆ ಅಲ್ಲ. ಇಡೀ ಮಡಿಗೆ ಒತ್ತಾಗಿ ಎರಡು ಮೂರು ತಿಂಗಳು ಬೆಳೆಸಿ, ಬೇರು ಸಮೇತ ಅಲ್ಲೇ ಮಣ್ಣಿಗೆ ಮುಚ್ಚಿದರೆ ಮುಂದಿನ ಬೆಳೆಗೆ ಅದರ ಗುಣ ಕಾಣುತ್ತದೆ. ದಸರಾ, ದೀಪಾವಳಿಗೆ ಹೂವೂ ಆದೀತು.

ಟೊಮ್ಯಾಟೊವನ್ನು ಸೀಗಿ ಹುಣ್ಣಿಮೆಯ ಆಸುಪಾಸು ನಾಟಿ ಮಾಡುವುದು ಈ ಭಾಗಕ್ಕೆ ಹೊಂದುತ್ತದೆ. ಬೇಸಿಗೆಯಲ್ಲಿ ಬಿಳಿನೊಣ ಹೆಚ್ಚಿ ಎಲೆ ಮುಟುರು ನಂಜು ತರುತ್ತದೆ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ನಂಜಿಗೂ ದುಂಡಾಣು ಸೊರಗಿಗೂ ತಡೆ ಇರುವ ತಳಿ. ಅದು ಹೈಬ್ರಿಡ್, ಹಣ್ಣಿನ ಬೀಜ ಎತ್ತಿಟ್ಟು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಅಂತರ 2 ಅಡಿಗೆ ಒಂದೂವರೆ ಅಡಿ. ಸಾಲುಗಳ ನಡುವೆ ಒಂದು ಸಾಲು ಕೊತ್ತಂಬರಿ.

ಹಣ್ಣಿನ ತಳ ಕರಿದಾಗಿ ಚರ್ಮದಂತೆ ಒಣಗಿದರೆ ಕ್ಯಾಲ್ಸಿಯಂ ಕಡಿಮೆ ಎಂದು ಮೊಟ್ಟೆಯ ಸಿಪ್ಪೆ ಹಾಕುತ್ತಾರೆ. ಎರಿಯಲ್ಲಿ ಕ್ಯಾಲ್ಸಿಯಂಗೆ ಬರವಿಲ್ಲ. ನಾಲ್ಕು ದಿನ ಒಣಗಿಸಿ ಐದನೇ ದಿನ ಮುಳುಗಿಸಿದರೆ ಅದು ಹಣ್ಣಿನವರೆಗೆ ಏರುವುದಿಲ್ಲ, ಅಷ್ಟೇ. ನಲ್ಲಿ ನೀರು ದಿನಾ ಬರದ ಓಣಿಯವರು ಡ್ರಮ್ಮಿನಲ್ಲಿ ಹಿಡಿದಿಟ್ಟು ಎರಡು ದಿನಕ್ಕೊಮ್ಮೆ ಗಿಡಕ್ಕೆ ಎರಡು ಲೀಟರಿನಂತೆ ಕೊಟ್ಟರೆ ಈ ರೋಗ ನಿಲ್ಲುತ್ತದೆ.

ಮೆಣಸಿನಗಿಡಕ್ಕೆ ಗೋವಿನಜೋಳದ ಗೋಡೆ

ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಪಡುವಣ ಗಾಳಿಯೇ ಮುಂಗಾರಿನಲ್ಲಿ ನಿಮ್ಮ ಮೆಣಸಿನಗಿಡಕ್ಕೆ ಹೇನು, ಥ್ರಿಪ್ಸ್, ಬಿಳಿನೊಣದಂಥ ರಸ ಹೀರುವ ಹುಳಗಳನ್ನು ತಂದು ಸುರಿಯುತ್ತದೆ. ಮಡಿಯ ಪಶ್ಚಿಮ ಮತ್ತು ದಕ್ಷಿಣಕ್ಕೆ ಗೋವಿನಜೋಳ ಅಥವಾ ಬಿಳಿಜೋಳ ಎರಡು ಸಾಲು, 6 ಇಂಚಿಗೊಂದು ಕಾಳಿನಂತೆ, ಮೆಣಸಿನ ನಾಟಿಗೆ 3–4 ವಾರ ಮೊದಲು ಬಿತ್ತಿ. ಸಸಿ ನೆಲಕ್ಕೆ ಬರುವಾಗ ಗೋಡೆ ಅದಕ್ಕಿಂತ ಎತ್ತರ ಇರಬೇಕು. ಮೆಣಸಿನ ಮೊದಲ ಸಾಲಿಗೂ ಜೋಳಕ್ಕೂ ಎರಡೂವರೆ ಅಡಿ ಅಂತರ ಬಿಡಿ. ಹತ್ತಿರವಾದರೆ ನೆರಳಿಗೆ ಗಿಡ ಉದ್ದವಾಗಿ ಹೂ ಉದುರಿಸುತ್ತದೆ. ಗೋಡೆ ಹುಳವನ್ನು ಪೂರ್ತಿ ತಡೆಯುವುದಿಲ್ಲ, ಕಡಿಮೆ ಮಾಡುತ್ತದೆ. ಆಮೇಲೂ ಎಲೆ ಮುಟುರಿದರೆ ಮೊದಲು ನೋಡಬೇಕಾದ್ದು ದಿಕ್ಕು: ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್, ಕೆಳಕ್ಕೆ ಬಾಗಿದ್ದರೆ ನುಸಿ. ಎರಡಕ್ಕೂ ಮದ್ದು ಬೇರೆ. ನುಸಿಗೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ, ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ. ಥ್ರಿಪ್ಸ್‌ಗೆ ಶುರುವಿನಲ್ಲೇ ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಚೂರು ಸೋಪು ಕಲಸಿ, ಎಲೆಯ ತಳಭಾಗಕ್ಕೆ ತಾಗುವಂತೆ.

ಉಳಿದ ಜೋಡಿಗಳು

ಬೆಂಡಿ ಮತ್ತು ಗಿಡ್ಡ ಅಲಸಂದಿ: ಬೆಂಡಿ ಸಾಲು 2 ಅಡಿಗೆ, ನಡುವೆ ಒಂದು ಸಾಲು ಅಲಸಂದಿ. ಅಲಸಂದಿಗೆ ಕರಿ ಹೇನು ಹತ್ತುವುದು ಖಂಡಿತ. ಕಂಡ ಕೂಡಲೇ ಸಿಂಪಡಿಸಬೇಡಿ, ಒಂದು ವಾರ ತಡೆದರೆ ಗುಲಗಂಜಿ ಹುಳ ಬರುತ್ತದೆ, ಹೇನು ತಿಂದು ಬೆಂಡಿಗೂ ಕಾವಲು ನಿಲ್ಲುತ್ತದೆ. ಅಲಸಂದಿ ಬೆಂಡಿಗೆ ಸಾರಜನಕ ಉಣಿಸುತ್ತದೆ ಎಂಬ ಮಾತು ಅರ್ಧ ಸತ್ಯ. ಜೀವಂತ ಇರುವಾಗ ಬೇರಿನ ಗಂಟಿನದ್ದು ಬಹುಪಾಲು ಅದರ ಕಾಯಿಗೇ ಹೋಗುತ್ತದೆ. ಲಾಭ ಸಿಗುವುದು ಮುಂದಿನ ಬೆಳೆಗೆ, ಅದೂ ಬುಡ ಕೊಯ್ದು ಬೇರು ನೆಲದಲ್ಲೇ ಬಿಟ್ಟರೆ. ಗಂಟು ಒಡೆದು ನೋಡಿ, ಒಳಗೆ ನಸುಗೆಂಪಾಗಿದ್ದರೆ ಕೆಲಸ ಮಾಡುತ್ತಿದೆ.

ಕೋಬೀಜು, ಹೂಕೋಸಿಗೆ ಅಡುಗೆಮನೆಯ ಸಾಸಿವೆಯೇ ಸಂಗಾತಿ. ನಾಟಿಗೆ 15 ದಿನ ಮೊದಲು ಮಡಿಯ ಒಂದು ಅಂಚಿಗೆ, ನಾಟಿಯಾಗಿ 25 ದಿನಕ್ಕೆ ಇನ್ನೊಂದು ಅಂಚಿಗೆ ಬಿತ್ತಿ. ಎಲೆ ತೂತು ಮಾಡುವ ವಜ್ರಬೆನ್ನಿನ ಪತಂಗವೂ ಹೇನೂ ಸಾಸಿವೆಗೆ ಮುತ್ತುತ್ತವೆ. ಮುತ್ತಿದ ಸಾಸಿವೆಯನ್ನು ಕಿತ್ತು ಸುಡಿ, ಸಿಂಪಡಿಸುವುದಾದರೂ ಅದಕ್ಕೆ ಮಾತ್ರ.

ಹೀರಿ, ಹಾಗಲ, ಸವತಿ ಚಪ್ಪರ ಬೇಸಿಗೆಯಲ್ಲಿ ಮಡಿಯ ಪಶ್ಚಿಮಕ್ಕಿರಲಿ. ಅದರ ಪೂರ್ವಕ್ಕೆ ಬೀಳುವ ಮಧ್ಯಾಹ್ನದ ನೆರಳಲ್ಲಿ ಪಾಲಕ, ಕೊತ್ತಂಬರಿ ಏಪ್ರಿಲ್‌ನಲ್ಲೂ ಬೇಗ ಹೂವಿಗೆ ಓಡದೆ ನಿಲ್ಲುತ್ತವೆ. ಹಿಂಗಾರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಚಪ್ಪರ ಉತ್ತರಕ್ಕೆ ಹೋಗಬೇಕು. ಬಳ್ಳಿಯಿಂದ ಬಳ್ಳಿಗೆ 3 ಅಡಿ.

ಗಜ್ಜರಿ ಮತ್ತು ಮೂಲಂಗಿಯನ್ನು ಒಂದೇ ಗೆರೆಯಲ್ಲಿ ಕಲಸಿ ಬಿತ್ತಿ. ಮೂಲಂಗಿ ಮೂರು ದಿನಕ್ಕೆ ಮೊಳೆತು ಸಾಲು ತೋರಿಸುತ್ತದೆ, ಗಜ್ಜರಿಗೆ ಎರಡು ವಾರವೂ ಬೇಕಾದೀತು. 35–40 ದಿನಕ್ಕೆ ಮೂಲಂಗಿ ಕಿತ್ತಾಗ ಸಡಿಲವಾದ ಜಾಗದಲ್ಲಿ ಗಜ್ಜರಿ ಉರುಟಾಗುತ್ತದೆ. ಹೊಸ ಗೊಬ್ಬರ ಹಾಕಿದ ಮಡಿಗೆ ಗಜ್ಜರಿ ಬೇಡ, ಕವಲೊಡೆಯುತ್ತದೆ.

ಸಬ್ಬಸಿಗೆ, ಕೊತ್ತಂಬರಿ ನಾಲ್ಕಾರು ಗಿಡ ಕೊಯ್ಯದೆ ಹೂವಿಗೆ ಬಿಡಿ. ಕೊಡೆಯಂಥ ಆ ಸಣ್ಣ ಹೂಗಳ ಮಕರಂದಕ್ಕೆ ಬರುವ ಪುಟ್ಟ ಕಣಜ, ತೂಗುನೊಣಗಳೇ ಹೇನು, ಹುಳದ ಮೊಟ್ಟೆಗಳ ಶತ್ರು. ಟೊಮ್ಯಾಟೊ ಪಕ್ಕ ಕಾಮಕಸ್ತೂರಿ ನೆಟ್ಟರೆ ರುಚಿ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಕಡಿಮೆ. ಜೇನು ಬರುತ್ತದೆ, ಅಷ್ಟಕ್ಕೇ ನೆಡಬಹುದು.

ಹೊದಿಕೆ, ಬೋರ್ ನೀರು, ಹಳದಿ ಎಲೆ

ಎರಿ ಬಿರಿದರೆ ಬಿರುಕಿನಲ್ಲಿ ಬೇರು ಹರಿಯುತ್ತದೆ. ಕತ್ತರಿಸಿದ ಕಣಿಕೆ ಅಥವಾ ಶೇಂಗಾ ಹೊಟ್ಟು 2–3 ಇಂಚು ಹೊದಿಸಿ, ಕಾಂಡದಿಂದ ಎರಡು ಇಂಚು ದೂರ. ಹೊದಿಕೆ ಮೇಲೆಯೇ ಇರಲಿ, ಹಸಿದಾಗಿಯೇ ಮಣ್ಣಿಗೆ ಕಲಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ತಿಂದು ಗಿಡ ಹಳದಿಯಾಗುತ್ತದೆ. ಹಾನಗಲ್ಲಿನಂಥ ಮಳೆ ಹೆಚ್ಚಿನ ಕಡೆ ಜುಲೈ, ಆಗಸ್ಟಿನಲ್ಲಿ ಹೊದಿಕೆ ತೆಗೆಯುವುದು ಲೇಸು, ಬಸವನಹುಳು ಅದರಡಿಯೇ ಠಿಕಾಣಿ ಹೂಡುತ್ತದೆ. ಶೇಂಗಾ ಹೊಟ್ಟು, ಕಣಿಕೆಗೆ ಒರಲಿ ಹತ್ತುವ ಜಾಗದಲ್ಲಿ ಒಣ ಬೇವಿನ ಎಲೆ ಒಳ್ಳೆಯದು.

ಬೋರ್ ನೀರಿಗೆ ಮಡಿಯ ಮೇಲೆ ಉಪ್ಪಿನ ಬಿಳಿ ಹೊಪ್ಪಳೆ ಏಳುತ್ತಿದ್ದರೆ ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ ಅಲ್ಲಿ ಬರುವುದಿಲ್ಲ. ಬೀಟ್‌ರೂಟ್, ಪಾಲಕ ತಡೆಯುತ್ತವೆ, ಇವೆರಡೂ ಒಂದೇ ಕುಲದವು. ಮಳೆಗಾಲದ ಮಳೆಯೇ ಆ ಉಪ್ಪನ್ನು ತೊಳೆಯಬೇಕು, ಅದಕ್ಕೆ ಏರುಮಡಿಯ ಕಾಲುವೆ ತೆರೆದಿರಬೇಕು.

ಹಳದಿ ಎಲೆಯಲ್ಲೂ ಬಗೆ ಇದೆ. ಹಳೆಯ, ಕೆಳಗಿನ ಎಲೆ ಪೂರ್ತಿ ಹಳದಿಯಾದರೆ ಸಾರಜನಕ: 100 ಗ್ರಾಂ ಶೇಂಗಾ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ ಎರಡು ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಗಿಡಕ್ಕೆ ಅರ್ಧ ಲೀಟರ್, 15 ದಿನಕ್ಕೊಮ್ಮೆ. ಹೊಸ, ಮೇಲಿನ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣ: ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಒಂದು ಗ್ರಾಂ ಸಿಟ್ರಿಕ್ ಆಮ್ಲ, ಸಂಜೆ ಎಲೆಗೆ ಸಿಂಪಡಣೆ, ವಾರ ಬಿಟ್ಟು ಇನ್ನೊಮ್ಮೆ. ಇದನ್ನು ಮಣ್ಣಿಗೆ ಸುರಿದರೆ ಎರಿಯ ಸುಣ್ಣ ಅದನ್ನು ಕಟ್ಟಿಹಾಕುತ್ತದೆ.

ಮುಂದಿನ ಹಂಗಾಮಿಗೆ ಮಡಿ ಬದಲಿಸುವಾಗ ಬದನೆ ಕುಲದ ಹಿಂದೆ ಅಲಸಂದಿ ಅಥವಾ ಚವಳಿ, ಅದರ ಹಿಂದೆ ಸೊಪ್ಪು, ಗಡ್ಡೆ, ಅದರ ಹಿಂದೆ ಬಳ್ಳಿ ಇಲ್ಲವೇ ಬೆಂಡಿ ಬರಲಿ, ನಾಲ್ಕನೇ ಸಲಕ್ಕೆ ಮತ್ತೆ ಬದನೆ. ಮಡಿ ಒಂದೇ ಇರುವವರು ಒಂದು ಮುಂಗಾರು ಬಿಟ್ಟುಕೊಟ್ಟು ಸೆಣಬು ಬಿತ್ತಿ, ಮಡಿಗೆ 20 ಗ್ರಾಂ. 40–45 ದಿನಕ್ಕೆ, ಹೂ ಬಿಡುವ ಮೊದಲು ಕಡಿದು ಮಣ್ಣಿಗೆ ಮುಚ್ಚಿ 15–20 ದಿನ ಕಾದು ಹಿಂಗಾರಿ ಸಸಿ ನಾಟಿ ಮಾಡಬಹುದು. ಹೂ ಬಿಟ್ಟ ಮೇಲೆ ಕಡಿದರೆ ಕಾಂಡ ನಾರಾಗಿ, ಕಳಿಯಲು ದೀಪಾವಳಿ ದಾಟುತ್ತದೆ.